ಹತ್ತು ನಂಬರ್ ಪಾನಾ

ಹೊಸ ಬ್ಯಾಟರಿ ಹಾಕಿಸಿ ಇನ್ನೂ ಹನ್ನೆರಡು ದಿನ ಆಗಿರಲಿಲ್ಲ. ಕುರಿಕೋಟದ ಸೇತುವೆ ದಾಟುತ್ತಿದ್ದಂತೆ ಮೀಟರಿನ ಮೂಲೆಯಲ್ಲಿ ಬ್ಯಾಟರಿ ಗುರುತಿನ ಕೆಂಪು ದೀಪ ಹತ್ತಿಕೊಂಡಿತು. ಕಾರಿನಲ್ಲಿ ನಾನೊಬ್ಬಳೇ ಇದ್ದುದರಿಂದ ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಬ್ಯಾಟರಿ ಮಾರಿದವನನ್ನು ಬೈದೆ, ಕಾರು ಮಾಡಿದವರನ್ನು ಬೈದೆ, ಆ ದೀಪವನ್ನೂ ಬೈದೆ. ಎ.ಸಿ. ಆರಿಸಿ, ಕಿಟಕಿ ಇಳಿಸಿ, ಬಿಸಿಗಾಳಿಗೆ ಮುಖ ಕೊಟ್ಟು ಕಮಲಾಪುರ ಮುಟ್ಟಿದೆ. ಸಂಜೆ ಹೊರಡುವಾಗ ಕೀಲಿ ತಿರುಗಿಸಿದರೆ ಕಾರು ಮುದುಕನಂತೆ ಎರಡು ಸಲ ನರಳಿ ಸುಮ್ಮನಾಯಿತು. ಆಟದ ಮೈದಾನದ ಅಂಚಿನಲ್ಲಿ ಡ್ರಿಲ್ ಮಾಸ್ತರರು, ಗಣಿತದ ಮಾಸ್ತರರು ಸೇರಿ ಹಿಂದಿನಿಂದ ದಬ್ಬಿದರು. ಒಳಗೆ ಕೂತು ಗೇರ್ ಹಾಕಿದ ನಾನು ಅದೇ ಶಾಲೆಯ ವಿಜ್ಞಾನದ ಶಿಕ್ಷಕಿ. ಹಿಂದಿನ ವಾರವಷ್ಟೇ ಹತ್ತನೆಯ ತರಗತಿಗೆ ವಿದ್ಯುತ್ ಜನಕದ ಪಾಠ ಮುಗಿಸಿದ್ದೆ.

ಕಾಂತದ ನಡುವೆ ಸುರುಳಿ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಕಲಿಸುವವಳು ನಾನು. ಕಾರಿನ ಆಲ್ಟರ್ನೇಟರ್ ಮಾಡುವುದೂ ಅದನ್ನೇ. ಎಂಜಿನ್ ಅದನ್ನು ತಿರುಗಿಸುತ್ತದೆ, ಅದು ವಿದ್ಯುತ್ ಹುಟ್ಟಿಸಿ ಬ್ಯಾಟರಿಯನ್ನು ತುಂಬುತ್ತದೆ. ತುಂಬದಿದ್ದರೆ ಹೊಸ ಬ್ಯಾಟರಿಯಾದರೇನು, ಹಳೆಯದಾದರೇನು, ಒಂದು ದಿನದಲ್ಲಿ ಬರಿದಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಕಾರು ಯಾಕೆ ಹೀಗೆ ಮಾಡುತ್ತದೆ ಎಂಬುದು ಮಾತ್ರ ತಿಳಿಯಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿದ್ದು.

ನಮ್ಮ ಮನೆ ಕಲಬುರಗಿಯ ಶಹಾಬಜಾರದ ಓಣಿಯೊಳಗೆ. ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಅಪ್ಪ. ಓಣಿಯೊಳಗೆ ಕಾರು ಬರುವುದಿಲ್ಲ. ಅದನ್ನು ಓಣಿಯ ಬಾಯಲ್ಲಿ, ಹಿಟ್ಟಿನ ಗಿರಣಿಯ ಗೋಡೆಗೆ ಒತ್ತಿ ನಿಲ್ಲಿಸುತ್ತೇವೆ. ಹದಿನಾಲ್ಕು ವರ್ಷ ನಾನು ಕಮಲಾಪುರಕ್ಕೆ ಬಸ್ಸಿನಲ್ಲಿ ನಿಂತು ಹೋಗಿಬಂದವಳು. ಮೊಣಕಾಲು ಕೈಕೊಟ್ಟ ಮೇಲೆ ಈ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಕ್ಲಚ್ಚು, ಬ್ರೇಕು ಕಲಿಸಿದವನು ಅಪ್ಪ.

ಅಪ್ಪ ಸರಕಾರಿ ಇಲಾಖೆಯೊಂದರಲ್ಲಿ ಮೂವತ್ತು ವರ್ಷ ಜೀಪು ನಡೆಸಿದವನು. ನಿವೃತ್ತನಾದ ಮೇಲೂ ಓಣಿಯವರಿಗೆ ಅವನು 'ಡ್ರೈವರ್ ಕಾಕಾ'. ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಇನ್ನು ಗಾಡಿ ನಡೆಸಬೇಡಿ ಎಂದರು. ಅವನು ಅಂದೇ ಲೈಸೆನ್ಸನ್ನು ಟ್ರಂಕಿನೊಳಗೆ ಇಟ್ಟುಬಿಟ್ಟ. ಆಮೇಲೆ ಅವನಿಗೆ ಉಳಿದದ್ದು ಒಂದೇ ಕೆಲಸ, ಬೆಳಿಗ್ಗೆ ಆರಕ್ಕೆ ಬಕೆಟ್ಟು, ಬಟ್ಟೆ, ನಟ್ಟು ಬಿಚ್ಚುವ ಪಾನಾಗಳ ಚೀಲ ಹಿಡಿದು ಓಣಿಯ ಬಾಯಿಗೆ ಹೋಗಿ ನನ್ನ ಕಾರನ್ನು ತಯಾರು ಮಾಡುವುದು. ಒರೆಸುತ್ತಾನೆ, ನೀರು ನೋಡುತ್ತಾನೆ, ಆಯಿಲ್ ನೋಡುತ್ತಾನೆ, ಎಂಜಿನ್ ಚಾಲೂ ಮಾಡಿ ಕಿವಿಗೊಡುತ್ತಾನೆ. ಎಂಟಕ್ಕೆ ಒಳಗೆ ಬಂದು ಕೀಲಿ ಕೊಟ್ಟು, "ಗಾಡಿ ತಯಾರ್ ಅದ" ಎನ್ನುತ್ತಾನೆ. ತನ್ನ ಸಾಹೇಬರಿಗೆ ಹೇಳುತ್ತಿದ್ದ ಅದೇ ಮಾತು, ಅದೇ ದನಿ. ಆ ಒಂದು ಮಾತಿಗಾಗಿಯೇ ಅವನು ಎದ್ದು ಕೂಡುತ್ತಾನೆ ಎಂದು ನನಗೆ ಗೊತ್ತಿತ್ತು. ಕಾರು ನನಗೆ ಮೊಣಕಾಲಿನ ಪ್ರಶ್ನೆ, ಅಪ್ಪನಿಗೆ ತಾನಿನ್ನೂ ಯಾವುದಕ್ಕಾದರೂ ಬೇಕಾದವನು ಎಂಬ ಪ್ರಶ್ನೆ.

ಅದಕ್ಕೇ ಕಾರು ಕೆಟ್ಟಾಗಲೆಲ್ಲ ನನಗೆ ತಮ್ಮನ ಭಯ. ಅವನು ಊರಿನ ಇನ್ನೊಂದು ಬದಿಯಲ್ಲಿರುತ್ತಾನೆ, ಬ್ಯಾಂಕಿನ ನೌಕರಿ, ಭಾನುವಾರ ಬಂದು ಹೋಗುತ್ತಾನೆ. ಬಂದಾಗಲೆಲ್ಲ ಒಂದೇ ಮಾತು. "ಅಕ್ಕಾ, ಹಳೀ ಡಬ್ಬಾ ಅದು, ಮಾರಿಬಿಡು. ಸಾಲಿ ಮಾಸ್ತರರದ್ದು ಒಂದು ವ್ಯಾನ್ ಹೋಗ್ತದಲ್ಲ, ಅದರಾಗ ಹೋಗು." ಅವನ ಮಾತು ತಪ್ಪೇನಲ್ಲ. ವ್ಯಾನು ನಮ್ಮ ಓಣಿಯ ಹತ್ತಿರವೇ ಹಾಯುತ್ತದೆ. ಅಪ್ಪನೆದುರು ಅವನು ಆ ಮಾತು ತೆಗೆದಾಗಲೆಲ್ಲ ಅಪ್ಪ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದ.

ಬ್ಯಾಟರಿ ಅಂಗಡಿಗೆ ಹೋಗಿ ಜಗಳಾಡಿದೆ. ಅಂಗಡಿಯವನು ಮೀಟರ್ ಹಚ್ಚಿ ತೋರಿಸಿದ, ಬ್ಯಾಟರಿಯಲ್ಲಿ ದೋಷವಿಲ್ಲ, ಚಾರ್ಜೇ ಬರುತ್ತಿಲ್ಲ, ಆಲ್ಟರ್ನೇಟರ್ ತೋರಿಸಿರಿ ಎಂದ. ಮಾತು ನನಗೆ ಸರಿ ಅನ್ನಿಸಿದ್ದರಿಂದ ಇನ್ನಷ್ಟು ಸಿಟ್ಟು ಬಂತು. ಹಳೆಯ ಬ್ಯಾಟರಿ ಇರುವತನಕ ಚೆನ್ನಾಗಿದ್ದ ಆಲ್ಟರ್ನೇಟರ್ ಹೊಸ ಬ್ಯಾಟರಿ ಬಂದ ಕೂಡಲೇ ಯಾಕೆ ಕೆಡಬೇಕು? ಅವನು ಮೀಟರ್ ಸುತ್ತಿಟ್ಟು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ.

ಮನೆಗೆ ಬಂದು ಹೇಳಿದರೆ ಅಪ್ಪ ನಕ್ಕೇಬಿಟ್ಟ. ಅವನಿಗೆ ಆಲ್ಟರ್ನೇಟರ್ ಇಂದಿಗೂ 'ಡೈನಮೋ'.

"ಡೈನಮೋ ಕೆಟ್ಟಿಲ್ಲ. ನಾ ಮುಂಜಾನೆ ನೋಡೇನಿ, ಖಡಕ್ ಅದ" ಎಂದ.

"ಮತ್ತ ಆ ದೀಪ ಯಾಕ ಹತ್ತತದ?"

"ಈಗಿನ ಗಾಡಿಗೋಳು ಸುಮ್ಮಸುಮ್ಮನ ಹೆದರಸ್ತಾವ."

ಹೇಗೆ ನೋಡಿದೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಜೀಪಿನ ಕಾಲದ ಮನುಷ್ಯ, ಕಿವಿಗೊಟ್ಟು ಕೇಳಿರಬೇಕು ಎಂದುಕೊಂಡೆ.

ಮೋಮಿನಪುರದಲ್ಲಿ ಒಬ್ಬ ಆಟೋ ಇಲೆಕ್ಟ್ರಿಷಿಯನ್ ಇದ್ದಾರೆ. ಅರವತ್ತು ದಾಟಿದವರು, ಮಸೀದಿಯ ಸಾಲಿನಲ್ಲಿ ಚಹಾದ ಹೋಟೆಲಿಗೆ ಅಂಟಿಕೊಂಡ ಪುಟ್ಟ ಅಂಗಡಿ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಅವರು ಆಲ್ಟರ್ನೇಟರ್ ಬಿಚ್ಚಿ, ಅದರೊಳಗಿನ ರೆಗ್ಯುಲೇಟರ್ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. ಸುಟ್ಟ ವಾಸನೆ. ಚಾರ್ಜು ಹೆಚ್ಚು ಕಡಿಮೆ ಆಗದಂತೆ ಕಾಯುವ ತುಂಡು ಅದು. "ಹೋಗ್ಯದ ಮೇಡಂ. ಹೊಸಾದು ಹಾಕ್ತೀನಿ, ಬೇಫಿಕರ್ ಹೋಗ್ರಿ" ಎಂದರು. ನಾನು ಚಿಂತೆಯಿಲ್ಲದೆ, ಬೇಫಿಕರ್ ಆಗಿಯೇ ಹೋದೆ.

ಒಂಬತ್ತನೆಯ ದಿನಕ್ಕೆ ಮತ್ತೆ ಅದೇ ದೀಪ. ಈ ಸಲ ಕಮಲಾಪುರದ ಬಸ್ ನಿಲ್ದಾಣದ ಮುಂದೆಯೇ ಕಾರು ಸತ್ತಿತು. ಕೆಂಬಾಳೆಯ ಗೊನೆ ಇಟ್ಟುಕೊಂಡು ಕೂತಿದ್ದ ಹೆಣ್ಣುಮಗಳೊಬ್ಬಳು, "ಟೀಚರ್, ನಿಮ್ಮ ಗಾಡಿ ನಮ್ಮ ಅಂಗಡಿ ಮುಂದ ಯಾಕ ನಿಂದ್ರಸ್ತೀರಿ, ಗಿರಾಕಿ ಬರಂಗಿಲ್ಲ" ಎಂದಳು. ನಾನೇ ಬೇಕೆಂದು ನಿಲ್ಲಿಸಿದ್ದೇನೆ ಎಂಬಂತೆ! ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ನಿಂತು ಬಂದೆ. ಕಪನೂರದ ಹತ್ತಿರ ಫ್ಯಾಕ್ಟರಿ ಬಿಟ್ಟ ಜನ ಹತ್ತಿ, ನನ್ನ ಮೊಣಕಾಲನ್ನು ಯಾರದೋ ಟಿಫಿನ್ ಡಬ್ಬಿ ಊರಿನವರೆಗೂ ಗುದ್ದಿತು.

ಭಾನುವಾರ ತಮ್ಮ ಬಂದವನು ಈ ಸಲ ಕೇಳಲಿಲ್ಲ, ಹೇಳಿದ. ತನ್ನ ಗೆಳೆಯನೊಬ್ಬ ಕೊಳ್ಳಲು ತಯಾರಿದ್ದಾನೆ, ಈ ತಿಂಗಳು ಮುಗಿಯುವುದರೊಳಗೆ ಕೊಟ್ಟುಬಿಡೋಣ. ಅಪ್ಪ ಗೋಡೆ ನೋಡುತ್ತ ಕೂತಿದ್ದ. "ಇನ್ನೊಂದ್ಸಲ ರಿಪೇರಿ ಮಾಡಸ್ತೀನಿ, ಆಗಲಿಲ್ಲಂದ್ರ ಮಾರೋಣು" ಎಂದು ನಾನು ಮಾತು ಕೊಟ್ಟೆ. ಕೊಡಬಾರದಿತ್ತು. ಮರುದಿನ ಅಪ್ಪ ಐದಕ್ಕೇ ಎದ್ದು ಓಣಿಯ ಬಾಯಿಗೆ ಹೋಗಿ ಖಾಲಿ ಜಾಗ ನೋಡಿಕೊಂಡು ಬಂದ. ಕಾರು ಇನ್ನೂ ಕಮಲಾಪುರದಲ್ಲೇ ಇತ್ತು.

ಬೇರೆಯವರ ಬ್ಯಾಟರಿಯಿಂದ ವಾಯರು ಹಚ್ಚಿ ಕಾರನ್ನು ಹೇಗೋ ಮೋಮಿನಪುರಕ್ಕೆ ತಂದೆ. ದಾರಿಯುದ್ದಕ್ಕೂ ಕುದ್ದದ್ದನ್ನೆಲ್ಲ ಉಸ್ತಾದರ ಮೇಲೆ ಸುರಿದೆ. ಚಹಾದ ಹೋಟೆಲಿನ ಗಿರಾಕಿಗಳೆಲ್ಲ ಕೇಳುವಂತೆ, ಡುಪ್ಲಿಕೇಟ್ ಸಾಮಾನು ಹಾಕಿ ಹೆಂಗಸೆಂದು ಮೋಸ ಮಾಡಿದಿರಿ ಎಂದೆ. ಅವರು ಚಹಾ ಸುರಿದುಕೊಂಡಿದ್ದ ಬಸಿಯನ್ನು ಕೆಳಗಿಟ್ಟರು.

"ನಲವತ್ತು ವರ್ಷ ಆಯ್ತು ಮೇಡಂ ಇಲ್ಲಿ ಕುಂತು. ಯಾರೂ ಹಿಂಗ ಅಂದಿಲ್ಲ" ಎಂದರು. ಆಮೇಲೆ ಬಾನೆಟ್ ಎತ್ತಿದರು.

ಬಿಚ್ಚಿ ನೋಡಿದರೆ ಅವರು ಹಾಕಿದ ರೆಗ್ಯುಲೇಟರೂ ಸುಟ್ಟಿತ್ತು, ಜೊತೆಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಪ್ಲೇಟೂ ಹೋಗಿತ್ತು. ಅವರು ಬಹಳ ಹೊತ್ತು ಬ್ಯಾಟರಿಯ ತಂತಿ ಕಟ್ಟುವ ನಟ್ಟನ್ನು ನೋಡಿದರು, ಬೆರಳಾಡಿಸಿದರು. ನಂತರ ಸಂಬಂಧವೇ ಇಲ್ಲದ ಮಾತು ಕೇಳಿದರು.

"ಗಾಡಿಯೊಳಗಿನ ಗಡಿಯಾರ ಸರಿ ಟೈಮ್ ತೋರಸ್ತದೇನ್ರಿ?"

ಅದೊಂದು ಬೇರೆ ಉರಿ. ಹೊಸ ಬ್ಯಾಟರಿ ಬಂದಾಗಿನಿಂದ ಆ ಗಡಿಯಾರ ದಿನಾ ಬೆಳಿಗ್ಗೆ ಹಿಂದಕ್ಕೆ ಹೋಗಿ ಕೂಡುತ್ತಿತ್ತು. ನಾನು ಹೊರಡುವುದು ಎಂಟೂಕಾಲಿಗೆ, ಅದು ಒಂದೂವರೆ ಎನ್ನುತ್ತಿತ್ತು. ದಿನಾ ಸರಿಮಾಡಿ ಸಾಕಾಗಿ ಬಿಟ್ಟುಬಿಟ್ಟಿದ್ದೆ. ಅದನ್ನೇ ಹೇಳಿದೆ.

"ಹಂಗಾರ ಯಾರೋ ದಿನಾ ಬ್ಯಾಟ್ರಿ ವಾಯರ್ ಬಿಚ್ಚಾಕತ್ತಾರ" ಎಂದರು ಉಸ್ತಾದ್. "ವಾಯರ್ ಬಿಚ್ಚಿ ಕಟ್ಟಿದ್ರ ಗಡಿಯಾರ ಮತ್ತ ಹನ್ನೆರಡರಿಂದ ಸುರು ಆಗ್ತದ. ನಟ್ಟು ನೋಡ್ರಿ, ಪಾನಾ ಹಚ್ಚಿ ಹಚ್ಚಿ ಹೊಳೀತದ. ಎಂಜಿನ್ ಚಾಲೂ ಇದ್ದಾಗ ವಾಯರ್ ತೆಗೆದ್ರ ಕರೆಂಟಿಗೆ ಹೋಗಾಕ ಜಾಗ ಇರಂಗಿಲ್ಲ, ಒಮ್ಮೆಲೆ ಏರ್ತದ, ಇದನ್ನ ಸುಡ್ತದ. ಹಳೀ ಡ್ರೈವರ್ ಲೋಗ್ ಹಂಗೇ ಡೈನಮೋ ಚೆಕ್ ಮಾಡ್ತಿದ್ರು. ವಾಯರ್ ತೆಗೀಬೇಕು, ಎಂಜಿನ್ ಬಂದ್ ಆಗಲಿಲ್ಲಂದ್ರ ಡೈನಮೋ ಪಾಸ್. ಜೀಪಿಗೆ ನಡೀತಿತ್ತು. ಇದಕ್ಕ ನಡಿಯಂಗಿಲ್ಲ."

ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ಹೇಳಲು ಬಾಯಿ ತೆಗೆದವಳು ಹಾಗೇ ಮುಚ್ಚಿಕೊಂಡೆ. 'ನಾ ಮುಂಜಾನೆ ನೋಡೇನಿ, ಖಡಕ್ ಅದ' ಎಂದ ಅಪ್ಪನ ಮಾತು ನೆನಪಾಯಿತು. ಉಸ್ತಾದರ ಕ್ಷಮೆ ಕೇಳುವ ಧೈರ್ಯವೂ ಆಗಲಿಲ್ಲ. ಸಾಮಾನು ಹಾಕಿಸಿಕೊಂಡು ಕಳ್ಳಿಯಂತೆ ಹೊರಟು ಬಂದೆ.

ಮರುದಿನ ಆರಕ್ಕೆ ಅಪ್ಪನ ಹಿಂದೆಯೇ ಹೋಗಿ ಗಿರಣಿಯ ಕಟ್ಟೆಯ ಮರೆಯಲ್ಲಿ ನಿಂತೆ. ಅವನು ಮೊದಲು ಕಾರು ಒರೆಸಿದ. ಎಂಜಿನ್ ಚಾಲೂ ಮಾಡಿದ. ಬಾನೆಟ್ ಎತ್ತಿ ಚೀಲದಿಂದ ಹತ್ತು ನಂಬರ್ ಪಾನಾ ತೆಗೆದ. ಕಣ್ಣು ಮಂಜಾದ್ದರಿಂದ ನಟ್ಟನ್ನು ಬೆರಳಿನಿಂದ ಹುಡುಕಿ, ಸಡಿಲಿಸಿ, ತಂತಿಯನ್ನು ಮೇಲೆತ್ತಿ ಹಿಡಿದುಕೊಂಡು ನಿಂತ. ಎಂಜಿನ್ ನಿಲ್ಲಲಿಲ್ಲ. ಅವನ ಮುಖ ಅರಳಿತು. ಕಿಡಿ ಹಾರಬಾರದೆಂದು ಎಂಜಿನ್ ಆರಿಸಿ, ಅಚ್ಚುಕಟ್ಟಾಗಿ ತಂತಿ ಕಟ್ಟಿ, ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿದ. ಕೂಸಿನ ಬೆನ್ನು ತಟ್ಟಿದಂತೆ.

ಮೂರು ವಾರದ ಬೈಗುಳ, ದಬ್ಬಿದ್ದು, ಬಸ್ಸಿನಲ್ಲಿ ನಿಂತದ್ದು, ಉಸ್ತಾದರಿಗೆ ಆಡಿದ ಮಾತು, ಎಲ್ಲ ಒಟ್ಟಿಗೆ ನೆನಪಾಯಿತು. ಕೂಗಿಬಿಡಬೇಕೆನ್ನಿಸಿತು. ಹಳೆಯ ಬ್ಯಾಟರಿ ಸತ್ತಾಗ ಹೆದರಿ, ಇನ್ನು ಕಾರು ಕೆಡಬಾರದು, ಮಾರಬಾರದು ಎಂದೇ ಅವನು ದಿನಾ ಪರೀಕ್ಷೆ ಮಾಡುತ್ತಿದ್ದಾನೆ, ಆ ಪರೀಕ್ಷೆಯೇ ಕಾರನ್ನು ಕೊಲ್ಲುತ್ತಿದೆ. ಇದನ್ನು ಅವನಿಗೆ ಯಾವ ಬಾಯಿಂದ ಹೇಳುವುದು? ಕಣ್ಣು ಹೋಯಿತು, ಸ್ಟೇರಿಂಗ್ ಹೋಯಿತು, ಇನ್ನು ನಿನ್ನ ವಿದ್ಯೆಯೂ ಹೋಯಿತು ಅನ್ನಲೇ? ನಾನು ಸದ್ದಿಲ್ಲದೆ ಮನೆಗೆ ಬಂದೆ. ಅಂದು ಸಂಜೆ ಚೀಲದಿಂದ ಹತ್ತು ನಂಬರ್ ಪಾನಾ ತೆಗೆದು ನನ್ನ ಸೀರೆಗಳ ಕೆಳಗೆ ಮುಚ್ಚಿಟ್ಟೆ. ಬಹಳ ಜಾಣತನ ಮಾಡಿದೆ ಎಂದುಕೊಂಡೆ.

ಮರುದಿನವೇ ಅಪ್ಪ ಕೇಳಿದ. "ಯವ್ವಾ, ಹತ್ತು ನಂಬರ್ ಪಾನಾ ನೋಡೀಯೇನು?"

"ಇಲ್ಲಪ್ಪಾ. ನೀನೇ ಎಲ್ಲ್ಯಾರ ಇಟ್ಟಿರಬೇಕು" ಎಂದೆ. ಎಷ್ಟು ಸರಾಗವಾಗಿ ಬಂತು ಆ ಮಾತು!

ಕಾರು ಬಂಗಾರದಂತೆ ನಡೆಯಿತು. ದೀಪ ಹತ್ತಲಿಲ್ಲ, ಗಡಿಯಾರ ಸರಿಯಾಗಿತ್ತು. ನಾನು ಹಾಡು ಹಚ್ಚಿಕೊಂಡು ಕಮಲಾಪುರಕ್ಕೆ ಹೋದೆ, ಬಂದೆ. ಅಪ್ಪ ಮಾತ್ರ ಹುಡುಕುತ್ತಿದ್ದ. ಮೊದಲು ಚೀಲದಲ್ಲಿ, ಆಮೇಲೆ ಮಂಚದ ಕೆಳಗೆ, ಆಮೇಲೆ ಜೋಳದ ಡಬ್ಬಿಯಲ್ಲಿ. ಒಂದು ದಿನ ಶಾಲೆಯಿಂದ ಬಂದರೆ ಟ್ರಂಕಿನ ಸಾಮಾನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಿದ್ದ. ಹೋದರೆ ಹೋಗಲಿ, ಇನ್ನೊಂದು ತರೋಣ ಎಂದೆ, ತರುವ ಇರಾದೆ ಇಲ್ಲದೆಯೇ. ಅವನು ತಲೆಯಾಡಿಸಿದ. ಪಾನಾ ಬೇಕಾಗಿಲ್ಲ, ಎಲ್ಲಿ ಇಟ್ಟೆ ಅನ್ನುವುದು ನೆನಪಾಗಬೇಕು ಎಂದ. ನನಗೆ ಅರ್ಥವಾಗಬೇಕಿತ್ತು. ನಮ್ಮ ದೊಡ್ಡಪ್ಪ ಕೊನೆಯ ಎರಡು ವರ್ಷ ತನ್ನ ಮನೆಯಲ್ಲೇ ಕೂತು ಮನೆಗೆ ಹೋಗೋಣ ಎನ್ನುತ್ತಿದ್ದ. ಅವನ ಕೈಹಿಡಿದು ಓಣಿ ತಿರುಗಿಸುತ್ತಿದ್ದವನು ಅಪ್ಪನೇ. ನಾನು ಅದನ್ನೆಲ್ಲ ಮರೆತು, ಕಾರಿನ ದೀಪ ಹತ್ತಲಿಲ್ಲವೆಂದು ಹಿಗ್ಗುತ್ತಿದ್ದೆ.

ಭಾನುವಾರ ತಮ್ಮ ಬಂದ. ಕಾರು ಸರಿಯಾಗಿದೆ, ಮಾರುವುದಿಲ್ಲ ಎಂದು ನಾನು ಬೀಗುತ್ತ ಹೇಳುವಷ್ಟರಲ್ಲಿ ಅಪ್ಪ ನಡುವೆ ಬಾಯಿ ಹಾಕಿದ.

"ಮಾರಿಬಿಡ್ರಿ" ಎಂದ. "ನನ್ನ ತೆಲಿ ನಿಂದ್ರವಲ್ದು. ಮೂವತ್ತು ವರ್ಷದಾಗ ಒಂದು ಪಾನಾ ಕಳಕೊಂಡಿಲ್ಲ. ಈಗ ಎಲ್ಲಿ ಇಟ್ಟೆ ನೆಪ್ಪಿಲ್ಲ. ನಾಳಿ ಆಯಿಲ್ ಹಾಕೂದ್ ಮರೀತೀನಿ, ಗಾಡಿಗೆ ಏನರ ಆಗ್ತದ, ಅಕಿಗಿ ಏನರ ಆಗ್ತದ. ಬ್ಯಾಡ. ಅಣ್ಣಂದು ಹಿಂಗೇ ಸುರು ಆಗಿತ್ತು."

ತಮ್ಮ ನನ್ನ ಮುಖ ನೋಡಿದ. ನಾನು ಎದ್ದು ಒಳಗೆ ಹೋಗಿ ಪಾನಾ ತಂದು ಅಪ್ಪನ ಮುಂದೆ ಇಟ್ಟೆ. ಕಟ್ಟೆಯ ಮರೆಯಲ್ಲಿ ನಿಂತದ್ದು, ಉಸ್ತಾದರು ಹೇಳಿದ್ದು, ಎರಡು ಸಲ ಸುಟ್ಟದ್ದು, ಎಲ್ಲ ಹೇಳಿದೆ. ನಿನಗೆ ನೋವಾದೀತು ಅಂತ ಮುಚ್ಚಿಟ್ಟೆ ಎಂದೆ. ಅಪ್ಪ ನಾಚಿಕೊಳ್ಳುತ್ತಾನೆ, ಕುಗ್ಗಿ ಹೋಗುತ್ತಾನೆ ಎಂದು ಹೆದರಿದ್ದೆ. ಅವನು ಸಿಟ್ಟಿಗೆದ್ದ. ಹುಟ್ಟಿದಾಗಿನಿಂದ ನಾನು ಅವನ ಅಂಥ ಸಿಟ್ಟು ನೋಡಿರಲಿಲ್ಲ.

"ಡೈನಮೋ ಸುಟ್ಟೆ, ಖರೆ. ತಿಳೀಲಿಲ್ಲ, ಸುಟ್ಟೆ. ಮುಖದ ಮ್ಯಾಲ ಹೇಳಿದ್ರ ಮುಗೀತಿತ್ತು. ಸಾಹೇಬ್ರು ಬೈತಿದ್ರು, ಕಲೀತಿದ್ದೆ. ತಿಳೀಲಾರದ್ದು ಇವತ್ತೂ ಕಲೀತೀನಿ. ನೀ ಏನ್ ಮಾಡಿದಿ? ನನ್ನ ಹುಚ್ಚನ್ನ ಮಾಡಿದಿ" ಎಂದ. "ಇಷ್ಟು ದಿನಾ ಕಣ್ಣು ಮುಚ್ಚಿ ಊರು ಎಣಿಸೀನಿ. ಕಪನೂರ, ಅವರಾದ, ಕುರಿಕೋಟ, ಮಹಾಗಾಂವ ಕ್ರಾಸ್, ಕಮಲಾಪುರ, ಕಿಣ್ಣಿ ಸಡಕ್. ಒಂದಾರ ತಪ್ತೀನೇನಂತ. ಒಂದೂ ತಪ್ಪಿಲ್ಲ. ಊರೆಲ್ಲ ನೆಪ್ಪದ, ಪಾನಾ ಅಷ್ಟೇ ಯಾಕ ನೆಪ್ಪಿಲ್ಲ ಅಂತ ಇನ್ನಾ ಹೆದರಿಕಿ ಆತು."

ಕ್ಷಮಿಸು ಎಂದೆ. ಅವನು ಪಾನಾ ತೆಗೆದು ಚೀಲಕ್ಕೆ ಹಾಕಿದ. ಮರುದಿನ ನನ್ನನ್ನು ಕರೆದುಕೊಂಡೇ ಮೋಮಿನಪುರಕ್ಕೆ ಹೋದ. ಉಸ್ತಾದರೆದುರು ನಿಂತು, ನಿಮ್ಮ ಸಾಮಾನು ಸುಟ್ಟವನು ನಾನು ಎಂದ. ಆಮೇಲೆ ನನ್ನ ಕಡೆ ತಿರುಗಿ, "ನಿಂದು ನೀ ಹೇಳು" ಎಂದ. ಹೇಳಿದೆ. ಉಸ್ತಾದ್ ಇಬ್ಬರಿಗೂ ಚಹಾ ತರಿಸಿ, ತಂತಿ ಬಿಚ್ಚದೆ ಮೀಟರ್ ಹಚ್ಚಿ ಚಾರ್ಜು ನೋಡುವುದನ್ನು ಅಪ್ಪನಿಗೆ ಮೂರು ಸಲ ತೋರಿಸಿದರು. ಅಂಕೆಗಳು ಕಾಣಲಿಲ್ಲವಾದ್ದರಿಂದ ನಾನು ಓದಿ ಹೇಳಿದೆ. ಈಗಲೂ ಬೆಳಿಗ್ಗೆ ಹಾಗೆಯೇ, ಅವನು ಹಚ್ಚುತ್ತಾನೆ, ನಾನು ಓದುತ್ತೇನೆ. ಕಾರು ಮಾರಲಿಲ್ಲ.

ಆದರೆ ಮನೆಯಲ್ಲಿ ಒಂದು ಮಾತು ಉಳಿದುಬಿಟ್ಟಿದೆ. ಏನಾದರೂ ಸಿಗದಿದ್ದರೆ ಅಪ್ಪ ಈಗ ಸುಮ್ಮನೆ ಹುಡುಕುವುದಿಲ್ಲ. ನನ್ನೆದುರು ಬಂದು ನಿಂತು, "ನಾ ಮರ್ತೀನೋ, ನೀ ಮುಚ್ಚಿಟ್ಟೀಯೋ?" ಎಂದು ಕೇಳುತ್ತಾನೆ. ತಮಾಷೆಗೆ ಅಲ್ಲ. ಕಳೆದ ವಾರ ಅವನ ಚಸ್ಮಾ ಸಿಗಲಿಲ್ಲ. ಬೆಳಗಿನಿಂದ ಹುಡುಕಿ, ಮಧ್ಯಾಹ್ನ ಬಂದು ಅದೇ ಪ್ರಶ್ನೆ ಕೇಳಿದ. ನನ್ನ ಮುಖವನ್ನೇ ನೋಡುತ್ತಿದ್ದ. ನಾನೇ ಮುಚ್ಚಿಟ್ಟೆ ಎಂದು ನಾನು ಹೇಳಲಿ ಎಂದು ಅವನು ಕಾಯುತ್ತಿದ್ದಾನೆ ಅನ್ನುವುದು ನನಗೆ ಗೊತ್ತಾಗುತ್ತಿತ್ತು.

"ಇಲ್ಲಪ್ಪಾ. ನಾ ಇಟ್ಟಿಲ್ಲ" ಎಂದೆ.

ಅವನು ನನ್ನ ಕಡೆ ಕೈ ಚಾಚಿ, "ಹಂಗಾದ್ರ ಬಾ, ಇಬ್ಬರೂ ಕೂಡಿ ಹುಡುಕೋಣು" ಎಂದ.